ಹನ್ನೊಂದು ತಿಂಗಳ ಪೌರರು

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂದು ನಾವು ಮಾತನಾಡಲು ಆರಿಸಿಕೊಂಡಿರುವ ವಿಷಯ ಬಾಡಿಗೆ ಮನೆ. ಅದೂ ನಮ್ಮ ಊರಿನದಲ್ಲ, ಬೆಂಗಳೂರಿನ ಪಶ್ಚಿಮ ಭಾಗದ ಬಾಡಿಗೆ ಮನೆ. ಕೂಲಿ, ಬೋನಸ್ಸು, ತೆರಿಗೆ ಇವನ್ನೆಲ್ಲ ಬಿಟ್ಟು ಈ ಸಭೆಯಲ್ಲಿ ಇದೇಕೆ ಎಂದು ಕೆಲವರು ಕೇಳಬಹುದು. ನಮ್ಮ ಉತ್ತರ ಸರಳವಾಗಿದೆ. ಈ ಊರಿನಲ್ಲಿ ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಗೊರಗುಂಟೆಪಾಳ್ಯದಲ್ಲೋ ನವರಂಗ್ ಬಳಿಯೋ ಚೀಲ ಹೊತ್ತು ಇಳಿಯುವ ಹುಡುಗ ಹುಡುಗಿಯರು ಯಾರ ಮಕ್ಕಳು? ನಿಮ್ಮ ಮಕ್ಕಳು. ನೀವು ಗಿರಣಿಯಲ್ಲಿ ದುಡಿದದ್ದು, ಅಂಗಡಿಯ ಗಲ್ಲದಲ್ಲಿ ಉಳಿದದ್ದು, ತಿಂಗಳ ಮೊದಲ ವಾರದಲ್ಲಿ ಯಾರ ಕೈ ಸೇರುತ್ತದೆ? ರಾಜಾಜಿನಗರದ, ವಿಜಯನಗರದ, ಬಸವೇಶ್ವರನಗರದ, ಕೆಂಗೇರಿಯ ಯಾವನೋ ಮನೆಯೊಡೆಯನ ಕೈ ಸೇರುತ್ತದೆ. ನಮ್ಮ ಕೂಲಿ ಎಲ್ಲಿ ಹೋಗುತ್ತದೆಂದು ತಿಳಿಯದೆ ಕೂಲಿಯ ಮಾತನ್ನು ಪೂರ್ತಿಯಾಗಿ ಆಡಲಾಗುವುದಿಲ್ಲ.

ಬೆಂಗಳೂರು ವಿದ್ಯೆಯ ನಗರ, ಪ್ರಗತಿಪರ ನಗರ ಎಂದು ಹೆಸರಾಗಿದೆ. ಹೆಸರು ಸುಳ್ಳಲ್ಲ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣ ಇರುವುದು ಈ ಪಶ್ಚಿಮ ದಿಕ್ಕಿನಲ್ಲೇ. ಮೈಸೂರು ರಸ್ತೆಯಲ್ಲಿ ಆರ್.ವಿ. ಇಂಜಿನಿಯರಿಂಗ್ ಕಾಲೇಜು, ನಾಗರಭಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ, ಮಲ್ಲತ್ತಹಳ್ಳಿಯಲ್ಲಿ ಅಂಬೇಡ್ಕರ್ ತಾಂತ್ರಿಕ ವಿದ್ಯಾಲಯ ಇವೆ. ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಕಡೆಗೆ ಹೋದರೆ ಸರ್ಕಾರಿ ಪರೀಕ್ಷೆಗಳಿಗೆ ತರಬೇತಿ ಕೊಡುವ ಬೋರ್ಡುಗಳು ಬೀದಿ ಬೀದಿಗೂ ನೇತಾಡುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ಬಡವರ ಮಕ್ಕಳಿಗೆ ಇವೇ ದೊಡ್ಡ ಬಾಗಿಲು. ಆದರೆ ವಿದ್ಯೆಯ ಬಾಗಿಲು ತಟ್ಟುವ ಮೊದಲು ಮನೆಯ ಬಾಗಿಲು ತಟ್ಟಬೇಕು. ಆ ಬಾಗಿಲಲ್ಲಿ ಏನು ನಡೆಯುತ್ತದೆಂಬುದೇ ಇಂದಿನ ಮಾತು.

ಯಾರಿಗಾಗಿ ಕಟ್ಟಿದ ಬಡಾವಣೆ?

ಮೊದಲು ಒಂದಿಷ್ಟು ಚರಿತ್ರೆ ಹೇಳುತ್ತೇವೆ. 1945ರಲ್ಲಿ ಬೆಂಗಳೂರು ನಗರಾಭಿವೃದ್ಧಿ ಧರ್ಮದರ್ಶಿ ಮಂಡಲಿ ಸ್ಥಾಪನೆಯಾಯಿತು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಅಂದಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ರಾಜಾಜಿನಗರಕ್ಕೆ ಬುನಾದಿ ಬಿತ್ತು. ಅದು ಶ್ರೀಮಂತರ ವಿಹಾರಕ್ಕೆಂದು ಮಾಡಿದ ಊರಲ್ಲ. ಅದಕ್ಕಿದ್ದ ಹೆಸರೇ ಕೈಗಾರಿಕಾ ಉಪನಗರ. ಒಂದು ಕಡೆ ಕಾರ್ಖಾನೆ, ಅದರ ಮಗ್ಗುಲಲ್ಲೇ ಅಲ್ಲಿ ದುಡಿಯುವವರ ಮನೆ ಎಂಬುದು ಯೋಜನೆ. 1957ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಅಲ್ಲಿಗೆ ಬಂತು. ಕಾರ್ಮಿಕರ ವಿಮಾ ಯೋಜನೆಯ ದೊಡ್ಡ ಆಸ್ಪತ್ರೆ ಅಲ್ಲೇ ಎದ್ದಿತು. ಬಸವೇಶ್ವರನಗರದಲ್ಲಿ ಗೃಹ ಮಂಡಳಿ ತನ್ನದೊಂದು ಕಾಲೊನಿ ಕಟ್ಟಿತು. ಇಂದಿಗೂ ಜನ ಅದನ್ನು ಕೆ.ಎಚ್.ಬಿ. ಕಾಲೊನಿ ಎಂದೇ ಕರೆಯುತ್ತಾರೆ. ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಲ್ಲಿ ಲೇತು ಯಂತ್ರಗಳ ಸಣ್ಣ ಕಾರ್ಖಾನೆಗಳು ಬೆಳೆದವು. ಸರ್ಕಾರದ ಹಣ, ಸರ್ಕಾರದ ನೆಲ, ಶ್ರಮಜೀವಿಗಳ ಬೆವರು ಮೂರೂ ಸೇರಿ ಹುಟ್ಟಿದ ಪ್ರದೇಶ ಇದು.

ಆ ಕಾಲದ ಶ್ರೀರಾಮಪುರದಲ್ಲಿ, ಮಲ್ಲೇಶ್ವರದಲ್ಲಿ, ರಾಜಾಜಿನಗರದ ಅಂಚುಗಳಲ್ಲಿ ವಠಾರಗಳಿದ್ದವು. ಒಂದೇ ಹೆಬ್ಬಾಗಿಲು, ಒಳಗೆ ಸಾಲಾಗಿ ಮನೆಗಳು, ಎಲ್ಲರಿಗೂ ಒಂದು ನಲ್ಲಿ. ವಠಾರ ಸ್ವರ್ಗವಾಗಿತ್ತೆಂದು ನಾವು ಹೇಳುವುದಿಲ್ಲ. ನಲ್ಲಿಯ ಮುಂದಿನ ಜಗಳ, ಕಕ್ಕಸಿನ ಮುಂದಿನ ಸಾಲು ಕಂಡವರಿಗೆ ಗೊತ್ತು. ಆದರೆ ವಠಾರದಲ್ಲಿ ಒಂದು ಬಲವಿತ್ತು. ಒಡೆಯ ಒಂದು ಮನೆಗೆ ಬಾಡಿಗೆ ಏರಿಸಿದರೆ ಸಂಜೆಯೊಳಗೆ ಹತ್ತು ಮನೆಗೂ ಗೊತ್ತಾಗುತ್ತಿತ್ತು. ಒಬ್ಬನ ಪಾತ್ರೆ ಬೀದಿಗೆ ಬಿದ್ದರೆ ಒಂಬತ್ತು ಮನೆಯ ಹೆಂಗಸರು ಹೊರಗೆ ಬರುತ್ತಿದ್ದರು. ಇಂದು ವಠಾರ ಹೋಗಿ ಮೂರು ನಾಲ್ಕು ಅಂತಸ್ತಿನ ಕಟ್ಟಡ ಬಂದಿದೆ. ಮೇಲಿನ ಮನೆಯವನಿಗೆ ಕೆಳಗಿನ ಮನೆಯವನ ಬಾಡಿಗೆ ಎಷ್ಟೆಂದು ಗೊತ್ತಿಲ್ಲ. ಬಾಡಿಗೆದಾರ ಒಬ್ಬನೇ ಹೋಗಿ ಒಡೆಯನ ಎದುರು ನಿಲ್ಲುತ್ತಾನೆ. ಸಂಘವಿಲ್ಲದ ಕಾರ್ಮಿಕ ಒಬ್ಬನೇ ಮಾಲೀಕನ ಕೋಣೆಗೆ ಹೋದರೆ ಏನಾಗುತ್ತದೆಂದು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ.

ಕಾರ್ಖಾನೆಗಳ ಗತಿಯೂ ತಾವು ಬಲ್ಲದ್ದೇ. ಮಲ್ಲೇಶ್ವರದ ರಾಜಾ ಮಿಲ್ಲು ಇದ್ದ ಜಾಗದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ತೆರೆಯಿತು. ಕಿರ್ಲೋಸ್ಕರ್ ಕಾರ್ಖಾನೆಯ ನೆಲದಲ್ಲಿ 2012ರಲ್ಲಿ ಓರಾಯನ್ ಮಾಲ್ ತೆರೆಯಿತು. ಮಗ್ಗದ ಸದ್ದು ಕೇಳುತ್ತಿದ್ದಲ್ಲಿ ಇಂದು ಅಂಗಿ ಮಾರುತ್ತಾರೆ. ಆ ಅಂಗಿ ಮಡಿಸಿಡುವ ಹುಡುಗಿ ಎಲ್ಲೋ ದೂರದ ಕೋಣೆಯಲ್ಲಿ ಮೂವರೊಡನೆ ಬಾಡಿಗೆಗಿರುತ್ತಾಳೆ. ಕಾರ್ಖಾನೆ ಹೋದಾಗ ಕೆಲಸ ಹೋಯಿತು. ಕೆಲಸದ ಪಕ್ಕದಲ್ಲಿ ಮನೆ ಎಂಬ ಆಲೋಚನೆಯೂ ಅದರೊಡನೆ ಹೋಯಿತು.

ಕಾಣುವ ಬಾಡಿಗೆ, ಕಾಣದ ಬಾಡಿಗೆ

ಈಗ ಲೆಕ್ಕಕ್ಕೆ ಬರೋಣ. ನಾವು ಶಾಲೆಯಲ್ಲಿ ಪಾಠ ಹೇಳಿದವರು, ಲೆಕ್ಕವಿಲ್ಲದೆ ನಮಗೆ ಮಾತು ಸಾಗದು. ಉದಾಹರಣೆಗೆ ತಿಂಗಳಿಗೆ 10,000 ರೂಪಾಯಿ ಬಾಡಿಗೆಯ ಒಂದು ಸಣ್ಣ ಮನೆ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಹಳೆಯ ರೂಢಿ ಹತ್ತು ತಿಂಗಳ ಮುಂಗಡ. ಅಂದರೆ ಒಂದು ಲಕ್ಷ. ದಳ್ಳಾಳಿಗೆ ಒಂದು ತಿಂಗಳ ಬಾಡಿಗೆ 10,000. ಮೊದಲ ತಿಂಗಳದ್ದು 10,000. ಒಲೆಯ ಮೇಲೆ ಹಾಲು ಉಕ್ಕಿಸುವ ಮೊದಲೇ 1,20,000 ರೂಪಾಯಿ ಕೈಬಿಟ್ಟಿರುತ್ತದೆ.

ಮನೆ ಬಿಡುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಮತ್ತೊಂದು ತಿಂಗಳ ಬಾಡಿಗೆ ಮುಂಗಡದಲ್ಲಿ ಮುರಿಯುತ್ತಾರೆ. ಎರಡು ವರ್ಷಕ್ಕೊಮ್ಮೆ ಮನೆ ಬದಲಾಯಿಸುವವನಿಗೆ ದಳ್ಳಾಳಿ ಮತ್ತು ಬಣ್ಣ ಸೇರಿ 20,000. ಅದನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ 833 ರೂಪಾಯಿ. ಒಂದು ಲಕ್ಷ ಮುಂಗಡಕ್ಕೆ ಬಡ್ಡಿಯಿಲ್ಲ. ಅದೇ ಹಣ ವರ್ಷಕ್ಕೆ ನೂರಕ್ಕೆ ಆರರಂತೆ ಬ್ಯಾಂಕಿನಲ್ಲಿದ್ದರೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. ಹೀಗೆ 10,000ದ ಮನೆ ನಿಜವಾಗಿ 11,333ರ ಮನೆ.

ಇದು ಕೈಯಲ್ಲಿ ಹಣವಿದ್ದವನ ಲೆಕ್ಕ. ನಮ್ಮ ಮನೆಗಳಲ್ಲಿ ಒಂದು ಲಕ್ಷ ಸುಮ್ಮನೆ ಬಿದ್ದಿರುತ್ತದೆಯೇ? ಕೈಸಾಲ ತರಬೇಕು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಾದರೆ ಮುಂಗಡದ ಬಡ್ಡಿಯೇ ತಿಂಗಳಿಗೆ 3,000. ಆಗ ಅದೇ ಮನೆ 13,833ರ ಮನೆ. ಹಣವುಳ್ಳವನಿಗೂ ಹಣವಿಲ್ಲದವನಿಗೂ ಒಂದೇ ಬಾಡಿಗೆ ಎಂಬುದು ಬೋರ್ಡಿನ ಮೇಲಿನ ಮಾತು. ಬಡವನೇ ಹೆಚ್ಚು ಬಾಡಿಗೆ ಕೊಡುತ್ತಾನೆ ಎಂಬುದು ಲೆಕ್ಕದ ಮಾತು.

ನೀರಿನದು ಬೇರೆ ಕತೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರಿನ ಬೆಲೆಗೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಯಿತು. ಟ್ಯಾಂಕರಿನ ಹಣವನ್ನು ಒಡೆಯರು ಬಾಡಿಗೆದಾರರ ಮೇಲೆ ಹಂಚಿದರು. ಆದರೆ ಯಾರ ಪಾಲು ಎಷ್ಟೆಂದು ತೋರಿಸುವ ಚೀಟಿ ಕೊಟ್ಟವರು ವಿರಳ. ಮೆಟ್ರೊ ರೈಲಿನದು ಇನ್ನೊಂದು. 2015ರ ನವೆಂಬರಿನಲ್ಲಿ ಅದು ವಿಜಯನಗರ ದಾಟಿ ಮೈಸೂರು ರಸ್ತೆಯವರೆಗೆ ಬಂತು. 2021ರ ಆಗಸ್ಟಿನಲ್ಲಿ ಕೆಂಗೇರಿ ಮುಟ್ಟಿತು. ಕಟ್ಟಿದ್ದು ಸಾರ್ವಜನಿಕರ ಹಣದಲ್ಲಿ. ಆದರೆ ‘ಮೆಟ್ರೊಗೆ ಐದು ನಿಮಿಷ’ ಎಂದು ಬೋರ್ಡು ಹಾಕಿ ಬಾಡಿಗೆ ಏರಿಸಿಕೊಂಡವನು ಒಬ್ಬನೇ. ಊರೆಲ್ಲ ಸೇರಿ ಕೆರೆ ತೋಡಿ, ನೀರಿನ ಹಕ್ಕನ್ನು ದಡದ ಮನೆಯವನಿಗೆ ಬರೆದುಕೊಟ್ಟಂತೆ ಆಯಿತು.

ಕಾಯಿದೆ ಎಲ್ಲಿ ನಿಂತಿದೆ?

ಇಷ್ಟೆಲ್ಲ ನಡೆಯುವಾಗ ಕಾಯಿದೆ ಇಲ್ಲವೇ ಎಂದು ಕೇಳುತ್ತೀರಿ. ಇದೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯಲ್ಲಿ ಖಾಲಿಯಾದ ಮನೆಯನ್ನು ಒಡೆಯ ಅಧಿಕಾರಿಗೆ ತಿಳಿಸಬೇಕಾಗಿತ್ತು. ನ್ಯಾಯವಾದ ಬಾಡಿಗೆಯನ್ನು ಗೊತ್ತುಮಾಡಲು ಅವಕಾಶವಿತ್ತು. ಆ ಕಾಯಿದೆಯಲ್ಲೂ ಹುಳುಕಿತ್ತು. ಇದ್ದ ಒಂದೇ ಮನೆಯನ್ನು ಬಾಡಿಗೆಗೆ ಕೊಟ್ಟ ವಿಧವೆ ಅದನ್ನು ಬಿಡಿಸಿಕೊಳ್ಳಲಾರದೆ ವರ್ಷಗಟ್ಟಲೆ ಕೋರ್ಟು ಅಲೆದದ್ದೂ ಉಂಟು. ಅದನ್ನು ತಿದ್ದುತ್ತೇವೆಂದು 1999ರ ಬಾಡಿಗೆ ಕಾಯಿದೆ ಮಾಡಿದರು. ಅದು 2001ರ ಕೊನೆಯಲ್ಲಿ ಜಾರಿಗೆ ಬಂತು. ಅದರಲ್ಲಿ ಒಂದು ಅಂಕಿಯನ್ನು ಬರೆದರು. ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೇಲ್ಪಟ್ಟ ಬಾಡಿಗೆಯ ಮನೆಗೆ ಈ ಕಾಯಿದೆ ಅನ್ವಯಿಸುವುದಿಲ್ಲ ಎಂದರು.

ಮಿತ್ರರೇ, ಇಂದು ರಾಜಾಜಿನಗರದಲ್ಲಿ 3,500ಕ್ಕೆ ಏನು ಸಿಗುತ್ತದೆ? ಬೈಕು ನಿಲ್ಲಿಸುವ ಜಾಗ ಸಿಕ್ಕೀತು. ಕಾಯಿದೆ ಪುಸ್ತಕದಲ್ಲಿದೆ, ಬಾಡಿಗೆದಾರ ಅದರ ಹೊರಗೆ ನಿಂತಿದ್ದಾನೆ. ಹೊರಗೆ ನಿಂತವನಿಗೆ ಉಳಿಯುವುದು ಬ್ರಿಟಿಷರ ಕಾಲದ 1882ರ ಸ್ವತ್ತು ವರ್ಗಾವಣೆ ಕಾಯಿದೆ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಯವನನ್ನು ಬಿಡಿಸಲು ಅದರ ಪ್ರಕಾರ ಹದಿನೈದು ದಿನದ ನೋಟೀಸು ಸಾಕು.

ಕರಾರು ಪತ್ರಗಳೆಲ್ಲ ಹನ್ನೊಂದು ತಿಂಗಳಿಗೇ ಏಕೆ ಎಂದು ಎಂದಾದರೂ ಯೋಚಿಸಿದ್ದೀರಾ? ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕು. ನೋಂದಾಯಿಸಿದರೆ ಶುಲ್ಕ ಬೀಳುತ್ತದೆ, ದಾಖಲೆ ಉಳಿಯುತ್ತದೆ, ಲೆಕ್ಕ ಸರ್ಕಾರಕ್ಕೆ ಕಾಣುತ್ತದೆ. ಆದ್ದರಿಂದ ಹನ್ನೊಂದು ತಿಂಗಳು. ಹನ್ನೆರಡನೆಯ ತಿಂಗಳು ಬಂದಾಗ ನೂರಕ್ಕೆ ಐದೋ ಹತ್ತೋ ಏರಿಸಿ ಹೊಸ ಕಾಗದ. ನಗರದಲ್ಲಿ ಇಪ್ಪತ್ತು ವರ್ಷ ಬಾಳಿದವನೂ ಕಾಗದದ ಮೇಲೆ ಹನ್ನೊಂದು ತಿಂಗಳ ಪೌರನೇ.

2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯಿದೆಯನ್ನು ಹೊರಡಿಸಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದು ಎಂದು ಅದರಲ್ಲಿ ಬರೆದಿದೆ. ಆದರೆ ಮಾದರಿ ಎಂದರೆ ಮಾದರಿಯೇ; ರಾಜ್ಯಗಳು ಒಪ್ಪಿ ಕಾಯಿದೆ ಮಾಡಿದಾಗ ಮಾತ್ರ ಅದಕ್ಕೆ ಜೀವ. ಅಂಗಡಿಯ ಗಾಜಿನೊಳಗೆ ಇಟ್ಟ ಅನ್ನದ ಗೊಂಬೆಯಿಂದ ಹೊಟ್ಟೆ ತುಂಬುವುದಿಲ್ಲ.

ಭೋಗ್ಯವೆಂಬ ಜೂಜು

ಬಾಡಿಗೆಯ ಕಾಟ ತಾಳಲಾರದೆ ಅನೇಕರು ಭೋಗ್ಯಕ್ಕೆ ಹೋಗುತ್ತಾರೆ. ಎಂಟು ಲಕ್ಷ ಕೊಟ್ಟು ಮನೆಯಲ್ಲಿರುವುದು, ತಿಂಗಳ ಬಾಡಿಗೆಯಿಲ್ಲ, ಅವಧಿ ಮುಗಿದಾಗ ಎಂಟು ಲಕ್ಷವೂ ವಾಪಸು. ಲೆಕ್ಕ ಹಾಕಿದರೆ ಲಾಭವಾಗಿಯೇ ಕಾಣುತ್ತದೆ. ಆ ಎಂಟು ಲಕ್ಷಕ್ಕೆ ನೂರಕ್ಕೆ ಆರರಂತೆ ಬರುವ ಬಡ್ಡಿ ತಿಂಗಳಿಗೆ 4,000. ಅಷ್ಟಕ್ಕೆ ಎರಡು ಕೋಣೆಯ ಮನೆ ಎಲ್ಲಿ ಸಿಕ್ಕೀತು? ಆದ್ದರಿಂದಲೇ ಹಳ್ಳಿಯ ಹೊಲ ಮಾರಿ, ಹೆಂಡತಿಯ ಒಡವೆ ಮಾರಿ, ಭವಿಷ್ಯ ನಿಧಿ ಬಿಡಿಸಿ ಭೋಗ್ಯಕ್ಕೆ ಕೊಡುತ್ತಾರೆ.

ಆದರೆ ಕೊಡುವಾಗ ಏನು ಕಾಗದ ಪಡೆಯುತ್ತಾರೆ? ಛಾಪಾ ಕಾಗದದ ಮೇಲೆ ಎರಡು ಪುಟದ ಒಪ್ಪಂದ, ಇಬ್ಬರು ಸಾಕ್ಷಿಗಳ ರುಜು. ನೋಂದಣಿಯಿಲ್ಲ. ಆ ಮನೆಯ ಮೇಲೆ ಒಡೆಯ ಮೊದಲೇ ಬ್ಯಾಂಕಿನಲ್ಲಿ ಸಾಲ ಎತ್ತಿದ್ದರೆ? ಸಾಲ ಕಟ್ಟದೆ ಕೈಯೆತ್ತಿದರೆ? 2002ರ ಕಾಯಿದೆಯ ಮೇರೆಗೆ ಬ್ಯಾಂಕು ಬಂದು ಬಾಗಿಲಿಗೆ ನೋಟೀಸು ಅಂಟಿಸುತ್ತದೆ. ನೋಂದಣಿಯಾಗದ ಕಾಗದ ಹಿಡಿದವನ ಮಾತು ಅಲ್ಲಿ ಬಹು ದೂರ ನಡೆಯುವುದಿಲ್ಲ. ಒಡೆಯನ ಸಾಲಕ್ಕೆ ಭೋಗ್ಯದಾರನ ಹೊಲ ಹರಾಜಾದಂತೆ ಆಗುತ್ತದೆ. ಭೋಗ್ಯಕ್ಕೆ ಹಾಕುವ ಮುನ್ನ ಉಪನೋಂದಣಿ ಕಚೇರಿಯಿಂದ ಆ ಸ್ವತ್ತಿನ ಋಣಭಾರ ಪ್ರಮಾಣಪತ್ರ ತೆಗೆಸಿ ಓದಿಸಿರಿ. ಮೂಲಪತ್ರಗಳು ಒಡೆಯನ ಬಳಿಯೇ ಇವೆಯೇ ಎಂದು ಕಣ್ಣಾರೆ ನೋಡಿರಿ. ಅವು ಬ್ಯಾಂಕಿನಲ್ಲಿದ್ದರೆ ಎಷ್ಟು ಸಾಲವಿದೆಯೆಂದು ಬರಹದಲ್ಲಿ ಕೇಳಿರಿ. ಭೋಗ್ಯದ ಪತ್ರವನ್ನು ನೋಂದಾಯಿಸಿರಿ. ಖರ್ಚಾಗುತ್ತದೆ ನಿಜ. ಹೊಲ ಹೋಗುವುದಕ್ಕಿಂತ ಅದು ಕಡಿಮೆ ಖರ್ಚು.

‘ನೀವು ಯಾವ ಜನ?’

ಹಣವಿದ್ದರೂ, ಕಾಗದವಿದ್ದರೂ, ಬಾಗಿಲಲ್ಲಿ ಇನ್ನೊಂದು ಪರೀಕ್ಷೆಯಿದೆ. ‘ನೀವು ಯಾವ ಜನ?’ ಎಂಬ ಪ್ರಶ್ನೆ. ಕೆಲವರು ನೇರವಾಗಿ ಕೇಳುತ್ತಾರೆ. ಕೆಲವರು ಊರಿನ ಹೆಸರು, ತಂದೆಯ ಹೆಸರು, ಮನೆದೇವರ ಹೆಸರು ಕೇಳಿ ತಿಳಿದುಕೊಳ್ಳುತ್ತಾರೆ. ಗೇಟಿನ ಮೇಲೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು. ಹೆಸರು ಕೇಳಿದೊಡನೆ ‘ಈಗತಾನೇ ಇನ್ನೊಬ್ಬರಿಗೆ ಕೊಟ್ಟೆವು’ ಎಂಬ ಉತ್ತರ. ಮುಸಲ್ಮಾನ ಹುಡುಗನಿಗೆ, ದಲಿತ ಹುಡುಗಿಗೆ, ಒಂಟಿಯಾಗಿ ದುಡಿಯುವ ಹೆಂಗಸಿಗೆ ಈ ಉತ್ತರ ಎಷ್ಟು ಬಾರಿ ಸಿಕ್ಕಿದೆಯೆಂದು ಅವರನ್ನೇ ಕೇಳಿರಿ. ಯಾವ ಬಡಾವಣೆಯಲ್ಲಿ? ಬಸವಣ್ಣನ ಹೆಸರಿಟ್ಟುಕೊಂಡ ಬಡಾವಣೆಯಲ್ಲೂ! ಮನುಷ್ಯನನ್ನು ಕುಲದಿಂದ ಅಳೆಯಬೇಡಿರೆಂದು ಎಂಟು ನೂರು ವರ್ಷಕ್ಕೂ ಹಿಂದೆ ಹೇಳಿದವನ ಹೆಸರು ರಸ್ತೆಯ ಫಲಕದ ಮೇಲಿದೆ. ಅದರ ಕೆಳಗಿನ ಗೇಟಿನಲ್ಲಿ ಕುಲದ ವಿಚಾರಣೆ ನಡೆಯುತ್ತದೆ.

ಪರದೇಶದಲ್ಲಿ ಓದಿ 1917ರಲ್ಲಿ ಹಿಂತಿರುಗಿದ ಅಂಬೇಡ್ಕರರಿಗೆ ಬರೋಡಾ ನಗರದಲ್ಲಿ ಇರಲು ಮನೆ ಸಿಗಲಿಲ್ಲ. ಪಾರಸಿಗಳ ವಸತಿಗೃಹದಲ್ಲಿ ತಂಗಿದ್ದವರನ್ನು ದೊಣ್ಣೆ ಹಿಡಿದವರು ಬಂದು ಹೊರಡಿಸಿದರು. ಅಷ್ಟು ದೊಡ್ಡ ವಿದ್ವಾಂಸನಿಗೂ ವಿದ್ಯೆಯಿಂದ ಒಂದು ಕೋಣೆ ದೊರೆಯಲಿಲ್ಲ. ಅಸ್ಪೃಶ್ಯತೆಯ ಕಾರಣದಿಂದ ಯಾವುದೇ ಬಡಾವಣೆಯಲ್ಲಿ ವಾಸಕ್ಕೆ ಅಡ್ಡಿಪಡಿಸುವುದು 1955ರ ಕಾಯಿದೆಯ ಪ್ರಕಾರ ಅಪರಾಧ. ಆದರೆ ‘ಬೇರೆಯವರಿಗೆ ಕೊಟ್ಟೆವು’ ಎನ್ನುವವನ ಮನಸ್ಸಿನಲ್ಲಿ ಏನಿತ್ತೆಂದು ಸಾಬೀತು ಮಾಡುವವರು ಯಾರು? ಒಬ್ಬನಿಂದ ಆಗದು. ಅದೇ ಗೇಟಿನಲ್ಲಿ ಅದೇ ಉತ್ತರ ಪಡೆದ ಐವರು ಒಟ್ಟಿಗೆ ಬಂದು ಹೇಳಿದರೆ ಆಗುತ್ತದೆ.

ಓದುವ ಮಕ್ಕಳ ಹಾಸಿಗೆ

ಹಿಂದೆ ಬಡ ವಿದ್ಯಾರ್ಥಿಗಳು ವಾರಾನ್ನ ಉಂಡು ಓದುತ್ತಿದ್ದರು. ದಿನಕ್ಕೊಂದು ಮನೆಯಲ್ಲಿ ಊಟ. ಅದಕ್ಕೂ ಜಾತಿಯ ಕಟ್ಟಿತ್ತು. ಇಂದು ಹಾಸಿಗೆಯ ಲೆಕ್ಕ. ಪಿ.ಜಿ. ಎಂದು ಕರೆಯುವ ಈ ಮನೆಗಳಲ್ಲಿ ಬಾಡಿಗೆ ಕೋಣೆಗಲ್ಲ, ಮಂಚಕ್ಕೆ. ಒಂದು ಕೋಣೆಯಲ್ಲಿ ನಾಲ್ಕು ಐದು ಮಂಚ. 2024ರ ಆಗಸ್ಟಿನಲ್ಲಿ ಮಹಾನಗರ ಪಾಲಿಕೆ ಪಿ.ಜಿ.ಗಳಿಗೆ ನಿಯಮ ಹಾಕಿತು: ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರು ನೀರು. ನಿಮ್ಮ ಮಗಳ ಕೋಣೆಗೆ ಹೋದಾಗ ಉದ್ದ ಅಗಲ ಅಳೆಯಿರಿ, ಮಂಚಗಳನ್ನು ಎಣಿಸಿರಿ. ಭಾಗಾಕಾರ ನಾವು ಹೇಳಿಕೊಟ್ಟದ್ದೇ ಇದೆ.

ವಿಜಯನಗರದಲ್ಲಿ ಪರೀಕ್ಷೆಗೆ ಕೂತವರ ಕಷ್ಟ ಇನ್ನೂ ಒಂದು ಬಗೆಯದು. 2024ರ ಆಗಸ್ಟ್ 27ರಂದು ಲೋಕಸೇವಾ ಆಯೋಗ ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಕೆಟ್ಟಿತ್ತು. ಮರುಪರೀಕ್ಷೆ ಡಿಸೆಂಬರ್ 29ಕ್ಕೆ ಆಯಿತು. ಪತ್ರಿಕೆಗಳು ಅನುವಾದದ ತಪ್ಪುಗಳನ್ನು ಬರೆದವು. ಬಾಡಿಗೆಯ ಲೆಕ್ಕ ಬರೆಯಲಿಲ್ಲ. ಪರೀಕ್ಷೆ ನಾಲ್ಕು ತಿಂಗಳು ಮುಂದೆ ಹೋದರೆ ನಾಲ್ಕು ತಿಂಗಳ ಮಂಚದ ಬಾಡಿಗೆ, ಊಟದ ಹಣ ಊರಿನಿಂದ ಹೋಗಬೇಕು. ಕಚೇರಿಯಲ್ಲಿ ಒಬ್ಬನು ಅನುವಾದ ಕೆಡಿಸಿದರೆ ದಂಡ ತೆತ್ತವನು ಗಿರಣಿಯಲ್ಲಿ ಎರಡನೆಯ ಪಾಳಿ ಮಾಡಿದ ತಂದೆ.

ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಎಂಬ ನೆರವನ್ನು 2013ರಲ್ಲಿ ಆರಂಭಿಸಿದಾಗ ತಿಂಗಳಿಗೆ 1,500 ರೂಪಾಯಿ ಗೊತ್ತುಮಾಡಿದರು. ಒಳ್ಳೆಯ ಕೆಲಸವೇ. ಆದರೆ ಹಣ ಕೊಟ್ಟು ಕೈತೊಳೆಯುವುದಕ್ಕಿಂತ ಗೋಡೆ ಕಟ್ಟಿ ಕೊಡುವುದು ಮೇಲು. ಹಣ ಒಡೆಯನ ಜೇಬಿಗೆ ಹೋಗುತ್ತದೆ, ಗೋಡೆ ಮುಂದಿನ ವರ್ಷದ ಮಗುವಿಗೂ ಉಳಿಯುತ್ತದೆ.

ಒಡೆಯನಾರು?

ಇಷ್ಟು ಕೇಳಿ ನೀವು ಮನೆಯೊಡೆಯನೇ ವೈರಿ ಎಂದುಕೊಂಡರೆ ಅದು ತಪ್ಪಾದೀತು. ಕಮಲಾನಗರ, ಕುರುಬರಹಳ್ಳಿ, ಅಗ್ರಹಾರ ದಾಸರಹಳ್ಳಿಗಳಲ್ಲಿ ಇಪ್ಪತ್ತು ಮೂವತ್ತರ ನಿವೇಶನದಲ್ಲಿ ಮೂರು ಅಂತಸ್ತು ಎತ್ತಿ, ಎರಡನ್ನು ಬಾಡಿಗೆಗೆ ಕೊಟ್ಟು ಬದುಕುವ ಎಷ್ಟೋ ಮಂದಿ ನಮ್ಮವರೇ. ಗಿರಣಿಯಿಂದ, ಕಾರ್ಖಾನೆಯಿಂದ ನಿವೃತ್ತರಾದವರು. ಮೂವತ್ತು ವರ್ಷ ದುಡಿದವನಿಗೆ ಭವಿಷ್ಯ ನಿಧಿಯ ಪಿಂಚಣಿ ಎಷ್ಟು? 2014ರಲ್ಲಿ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಮಾಡಿದರು. ಸಾವಿರ ರೂಪಾಯಿಯಲ್ಲಿ ಮುದುಕ ಮುದುಕಿ ಮಾತ್ರೆ ಕೊಳ್ಳುವರೋ ಅಕ್ಕಿ ಕೊಳ್ಳುವರೋ? ಬಾಡಿಗೆಯೇ ಅವರ ಪಿಂಚಣಿ. ಮುಂಗಡವಾಗಿ ಪಡೆದ ಲಕ್ಷವನ್ನು ಮಗಳ ಮದುವೆಗೆ ಖರ್ಚು ಮಾಡಿರುತ್ತಾರೆ. ಬಾಡಿಗೆದಾರ ಬಿಟ್ಟಾಗ ಕೊಡಲು ಇರುವುದಿಲ್ಲ, ಅಲ್ಲಿಂದ ಜಗಳ.

ನೋಡಿರಿ ಈ ವ್ಯವಸ್ಥೆಯ ಚಮತ್ಕಾರ! ಒಬ್ಬ ಕಾರ್ಮಿಕನ ಮುಪ್ಪಿನ ಅನ್ನವನ್ನು ಇನ್ನೊಬ್ಬ ಕಾರ್ಮಿಕನ ಮಗನ ತಟ್ಟೆಯಿಂದ ತೆಗೆದು ಕೊಡುತ್ತದೆ. ಇಬ್ಬರೂ ಗೇಟಿನ ಎರಡು ಬದಿ ನಿಂತು ಬೈದಾಡುತ್ತಾರೆ. ಪಿಂಚಣಿ ಕೊಡಬೇಕಾದವರೂ, ಹಾಸ್ಟೆಲು ಕಟ್ಟಬೇಕಾದವರೂ ದೂರದಲ್ಲಿ ಹಾಯಾಗಿದ್ದಾರೆ. ಐದು ಹತ್ತು ಕಟ್ಟಡಗಳನ್ನು ಕೊಂಡು ಮಂಚಗಳ ವ್ಯಾಪಾರ ಮಾಡುವವನನ್ನೂ, ಒಂದು ಮನೆಯ ಮುದುಕಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕಾಯಿದೆಯೂ ತೂಗಬಾರದು.

ಏನು ಮಾಡಬೇಕು?

ಕೈಲಾದದ್ದನ್ನು ಮೊದಲು ಹೇಳೋಣ.

ಒಂದು, ಬಾಡಿಗೆಗೂ ಮುಂಗಡಕ್ಕೂ ರಸೀದಿ ಇಲ್ಲದೆ ಹಣ ಕೊಡಬೇಡಿರಿ. ರಸೀದಿ ಕೊಡದಿದ್ದರೆ ಬ್ಯಾಂಕಿನ ಮೂಲಕ ಕಳಿಸಿರಿ. ಸುಣ್ಣಬಣ್ಣಕ್ಕೆ ಎಷ್ಟು ಮುರಿಯುತ್ತಾರೆ, ಮನೆ ಬಿಟ್ಟ ಎಷ್ಟು ದಿನದಲ್ಲಿ ಮುಂಗಡ ಹಿಂತಿರುಗಿಸುತ್ತಾರೆ ಎಂಬುದನ್ನು ಕರಾರಿನಲ್ಲೇ ಬರೆಸಿರಿ.

ಎರಡು, ಬಾಡಿಗೆದಾರನನ್ನು ಬಲಾತ್ಕಾರದಿಂದ ಹೊರಹಾಕುವ ಹಕ್ಕು ಯಾವ ಒಡೆಯನಿಗೂ ಇಲ್ಲ. ಕಾನೂನಿನ ಕ್ರಮವಿಲ್ಲದೆ ಹೊರಹಾಕಿದರೆ ಆರು ತಿಂಗಳೊಳಗೆ ಸಿವಿಲ್ ಕೋರ್ಟಿಗೆ ಹೋಗಿ ಸ್ವಾಧೀನವನ್ನು ಮರಳಿ ಕೇಳಲು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯಲ್ಲಿ ದಾರಿಯಿದೆ.

ಮೂರು, 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಬಾಡಿಗೆ ಕರಾರು ತೋರಿಸಿ ಮೀಟರಿನ ಸಂಖ್ಯೆಗೆ ನಿಮ್ಮ ಹೆಸರು ಜೋಡಿಸಿರಿ. ಮೂರು ಮನೆಗೆ ಒಂದೇ ಮೀಟರು ಇಟ್ಟಿದ್ದರೆ ಬೇರೆ ಮೀಟರು ಕೇಳಿರಿ. ಇಲ್ಲವಾದರೆ ಮೂರು ಸಂಸಾರದ ಹಕ್ಕು ಒಂದರಲ್ಲಿ ಮುಳುಗುತ್ತದೆ.

ನಾಲ್ಕು, ಅಂಗಡಿ ಇಟ್ಟವರು ಕೇಳಿರಿ. ವ್ಯಾಪಾರಕ್ಕೆ ಬಳಸುವ, 14 ಚದರ ಮೀಟರಿಗೆ ಮೀರದ, ಅಂದರೆ ಸುಮಾರು 150 ಚದರ ಅಡಿಯ ಮಳಿಗೆಯನ್ನು 1999ರ ಕಾಯಿದೆ ಪೂರ್ತಿ ಕೈಬಿಟ್ಟಿಲ್ಲ. ಬಾಡಿಗೆಯ ಮಿತಿ, ಕಟ್ಟಡದ ವಯಸ್ಸು ಮುಂತಾದ ಷರತ್ತುಗಳಿವೆ. ಬೀಡಾ ಅಂಗಡಿ, ಹೊಲಿಗೆ ಅಂಗಡಿ, ಸೈಕಲ್ ಷಾಪಿನವರು ಬಿಡಬೇಕೆಂದು ಹೇಳಿದೊಡನೆ ಬಿಟ್ಟು ಹೋಗದೆ, ಮೊದಲು ಮಳಿಗೆ ಅಳೆಸಿ ವಕೀಲರನ್ನು ಕೇಳಿರಿ.

ಐದು, ಎಲ್ಲಿ ವಾಸವೋ ಅಲ್ಲಿ ಮತ. ಮನೆ ಬದಲಾದಾಗ ನಮೂನೆ 8 ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರು ಬದಲಾಯಿಸಿರಿ. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಸದಸ್ಯರೇ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಹಂಚಿದರು. ಪಶ್ಚಿಮಕ್ಕೂ ಒಂದು ಬಂತು. ಪಟ್ಟಿಯಲ್ಲಿ ಹೆಸರಿಲ್ಲದವನ ದೂರನ್ನು ಯಾವ ಪಾಲಿಕೆಯೂ ಕೇಳುವುದಿಲ್ಲ.

ಇವೆಲ್ಲ ಒಬ್ಬೊಬ್ಬರು ಮಾಡಬಹುದಾದ ಕೆಲಸ. ಆದರೆ ಒಬ್ಬೊಬ್ಬರಿಂದ ಕಾಯಿದೆ ಬದಲಾಗುವುದಿಲ್ಲ. 1915ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಒಡೆಯರು ಬಾಡಿಗೆ ಏರಿಸಿದರು. ಗಂಡಸರು ಯುದ್ಧದಲ್ಲಿ, ಹಡಗಿನ ಕಾರ್ಖಾನೆಯಲ್ಲಿ ಇದ್ದರು. ಮೇರಿ ಬಾರ್ಬರ್ ಎಂಬಾಕೆ ಮತ್ತು ಅವಳಂಥ ಗೃಹಿಣಿಯರು ಮನೆಮನೆಗೆ ಹೋಗಿ ಸಂಘ ಕಟ್ಟಿದರು. ಸುಮಾರು 20,000 ಕುಟುಂಬಗಳು ಏರಿಸಿದ ಬಾಡಿಗೆ ಕೊಡುವುದಿಲ್ಲವೆಂದು ನಿಂತವು. ಕೋರ್ಟಿನ ಮುಂದೆ ಹೆಂಗಸರೊಡನೆ ಹಡಗು ಕಾರ್ಮಿಕರೂ ಬಂದು ನೆರೆದಾಗ ಆ ವರ್ಷ ಮುಗಿಯುವುದರೊಳಗೆ ಪಾರ್ಲಿಮೆಂಟು ಬಾಡಿಗೆಯನ್ನು ಯುದ್ಧದ ಮೊದಲಿನ ಮಟ್ಟಕ್ಕೆ ಕಟ್ಟಿಹಾಕಿತು. ವಿಯೆನ್ನಾ ನಗರದ ಪಾಲಿಕೆ 1923ರಿಂದ 1934ರೊಳಗೆ, ಶ್ರೀಮಂತರ ಮೇಲೆ ಹೆಚ್ಚು ಬೀಳುವ ತೆರಿಗೆ ಹಾಕಿ, 60,000ಕ್ಕೂ ಹೆಚ್ಚು ಬಾಡಿಗೆ ಮನೆಗಳನ್ನು ತಾನೇ ಕಟ್ಟಿತು. ಅಷ್ಟು ದೂರವೇಕೆ? ನಮ್ಮ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ. ಸಣ್ಣ ಪ್ರಶ್ನೆಯೆಂದು ನಕ್ಕವರಿದ್ದರು. ಆ ದಾರಿ 1974ರ ಭೂಸುಧಾರಣೆಯವರೆಗೆ ಹೋಯಿತು, ಗೇಣಿದಾರ ಹೊಲದೊಡೆಯನಾದ. ಹಳ್ಳಿಯ ಗೇಣಿದಾರನಿಗೆ ಸಿಕ್ಕ ನೆರಳಿನ ನೂರರಲ್ಲೊಂದು ಭಾಗವೂ ಪಟ್ಟಣದ ಬಾಡಿಗೆದಾರನಿಗೆ ಸಿಕ್ಕಿಲ್ಲ.

ನಮ್ಮ ಬೇಡಿಕೆಗಳು ದೊಡ್ಡವೇನಲ್ಲ. 3,500ರ ಅಂಕಿ ಹೋಗಲಿ. ಮುಂಗಡ ಎರಡು ತಿಂಗಳಿಗೆ ನಿಲ್ಲಲಿ. ಬಾಡಿಗೆ ಕರಾರಿನ ನೋಂದಣಿ ಅಗ್ಗವಾಗಲಿ, ಹಳ್ಳಿಯ ಹೆಣ್ಣುಮಗಳೂ ಒಂದೇ ದಿನದಲ್ಲಿ ಮಾಡಿಸಿಕೊಳ್ಳುವಂತಾಗಲಿ. ಪ್ರತಿ ಕಾಲೇಜಿನ ಹತ್ತಿರ ಎಲ್ಲ ಜಾತಿಯ ಮಕ್ಕಳೂ ಒಟ್ಟಿಗಿರುವ ಸಾರ್ವಜನಿಕ ಹಾಸ್ಟೆಲು ಏಳಲಿ. ದುಡಿದವನ ಪಿಂಚಣಿ ಅನ್ನಕ್ಕೆ ಸಾಲುವಷ್ಟಾಗಲಿ. ಆಗ ಒಡೆಯನೂ ಬಾಡಿಗೆದಾರನ ಕತ್ತು ಹಿಸುಕಬೇಕಾಗುವುದಿಲ್ಲ.

ಮುಂದಿನ ವಾರದೊಳಗೆ ಒಂದು ಕೆಲಸ ಮಾಡೋಣ. ಈ ಊರಿನಿಂದ ಹೋಗಿ ಬೆಂಗಳೂರಿನ ಪಶ್ಚಿಮ ಬಡಾವಣೆಗಳಲ್ಲಿ ಬಾಡಿಗೆಗಿರುವ ಪ್ರತಿಯೊಬ್ಬರ ಹೆಸರು, ಬೀದಿ, ಬಾಡಿಗೆ, ಕೊಟ್ಟ ಮುಂಗಡ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ನಮ್ಮ ಕಚೇರಿಗೆ ತಂದುಕೊಡಿರಿ. ಒಂದೇ ಬೀದಿಯಲ್ಲಿರುವವರನ್ನು ಒಬ್ಬರಿಗೊಬ್ಬರು ಪರಿಚಯಿಸುವುದು ನಮ್ಮ ಮೊದಲ ಕೆಲಸ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ಹೊರೆ ಎಂದು ಹಿರಿಯರು ಹೇಳಿದ್ದಾರೆ. ಗೋಡೆಗಳ ವಠಾರ ಹೋಯಿತು, ಹೋಗಲಿ. ಜನರ ವಠಾರವನ್ನು ಮತ್ತೆ ಕಟ್ಟಬಹುದು.